ನಿನ್ನದೇ?

ಗೋಣಿಕೊಪ್ಪದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿ.
ಕೆಳಗಿನಿಂದ ಯೂರಿಯಾ ವಾಸನೆ. ಮೇಲೆ ನಾನು,
ತೋಟದಾಳುಗಳ ಪಟ್ಟಿ ತಿದ್ದುತ್ತ.
ಸಾವಿರದ ಮುನ್ನೂರ ನಲವತ್ತು ಆಬ್ಜೆಕ್ಟುಗಳು,
ಒಂದೊಂದೂ ಒಬ್ಬೊಬ್ಬರು.

ನಿನ್ನೆ ಮನೆ ಮಂಜೂರಿನ ಪಟ್ಟಿ ಓಡಿಸಿದೆ.
ಕೇಳಿದ್ದು ಇಷ್ಟೇ: ಇವರಿಗೆ ಮನೆ ಇದೆಯೇ?
ತೋಲನಿಗೆ ಇದೆ ಎಂದಿತು. ಚುಬ್ರುವಿಗೆ ಇದೆ.
ಪಾಲಿಗೆ ಇದೆ.
ಸಾವಿರದ ಮುನ್ನೂರ ನಲವತ್ತು ಸಲ, ಒಮ್ಮೆಯೂ ತಡವರಿಸದೆ,
ಇದೆ.

ದೇಚಮ್ಮ ಲೋಟ ಕೆಳಗಿಟ್ಟು ನಕ್ಕರು:
"ಹಾಗಾದ್ರೆ ಆಫೀಸಿಗೆ ಬೀಗ ಹಾಕೋಣ."

ಪಾಲಿ ನನ್ನ ಚಿಕ್ಕಮ್ಮ.
ಅವಳ ಮನೆ ನನಗೆ ಗೊತ್ತು: ಎಡಗೋಡೆ ಪಕ್ಕದವರದು,
ಬಲಗೋಡೆಯೂ ಪಕ್ಕದವರದು,
ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಹನ್ನೊಂದು.
ಮೂರು ದಿನ ಕೆಲಸಕ್ಕೆ ಹೋಗದಿದ್ದರೆ
ಬೀಗದ ಕೈ ರೈಟರ ಜೇಬು ಸೇರುತ್ತದೆ.

ಯಂತ್ರ ಸುಳ್ಳು ಹೇಳಿರಲಿಲ್ಲ.
ಜಾವಾಸ್ಕ್ರಿಪ್ಟಿನ ಗುಣವೇ ಅದು.
ಏನು ಕೇಳಿದರೂ ಮೊದಲು ತನ್ನ ಮಡಿಲು ತಡವುತ್ತದೆ,
ಸಿಗದಿದ್ದರೆ ಬೆನ್ನ ಹಿಂದೆ ನಿಂತವರ ಮಡಿಲು,
ಅಲ್ಲೂ ಇಲ್ಲವೇ, ಅವರ ಬೆನ್ನ ಹಿಂದಿನವರದು,
ಹೀಗೆ ಏರಿ ಏರಿ, ಯಾರೂ ಇಲ್ಲದ ತನಕ.
ನಡುವೆ ಎಲ್ಲಿ ಸಿಕ್ಕರೂ ತಂದು ಕೈಗಿಡುತ್ತದೆ,
ಯಾರ ಅಟ್ಟದಿಂದ ಇಳಿಸಿತೆಂದು ಮಾತ್ರ ಹೇಳುವುದಿಲ್ಲ.

ಪಾಲಿಯ ಬೆನ್ನ ಹಿಂದೆ ಒಂದು ಮಾದರಿ ನಿಲ್ಲಿಸಿದ್ದೆ.
ಹೆಸರು: ಎಸ್ಟೇಟ್.
ಎಸ್ಟೇಟಿಗೆ ಮನೆ ಇತ್ತು.
ನಿಲ್ಲಿಸಿದವಳು ನಾನೇ.

ಪ್ರಶ್ನೆ ಬದಲಿಸಿದೆ.
ಹ್ಯಾಸ್ ಓನ್ ಪ್ರಾಪರ್ಟಿ.
'ಇದೆಯೇ' ಅಲ್ಲ, 'ನಿನ್ನದೇ?'
ಈಗ ಇಲ್ಲಗಳು ಬೀಳತೊಡಗಿದವು,
ಟಾರ್ಪಾಲಿನ ಮೇಲೆ ರೊಬಸ್ಟಾ ಉದುರುವ ಹಾಗೆ,
ಇಲ್ಲ ಇಲ್ಲ ಇಲ್ಲ, ಎಲ್ಲೋ ಒಂದು ಹೌದು, ಮತ್ತೆ ಇಲ್ಲ.

ಒಂಬೈನೂರ ಏಳರಲ್ಲಿ ಕೆಂಪಕ್ಷರ ಬಂತು. ಓಟ ನಿಂತಿತು.
ಯಾವ ಎಸ್ಟೇಟೂ ತನ್ನವಳೆನ್ನದ ಒಬ್ಬಳು ಮುದುಕಿ,
ಅವಳ ಬೆನ್ನ ಹಿಂದೆ ಯಾರನ್ನೂ ನಿಲ್ಲಿಸಿರಲಿಲ್ಲ.
ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.
ಆಗ ಹೊಳೆಯಿತು: 'ನಿನ್ನದೇ' ಎಂಬ ಆ ಮಾತೂ
ಹಿಂದಿನವರಿಂದ ಇಳಿದು ಬಂದದ್ದು,
ಯಾರ ಸ್ವಂತದ್ದೂ ಅಲ್ಲ.
ಅಂಥವರನ್ನು ಅವರ ಬಾಯಿಂದಲೇ ಕೇಳಲಾಗದು;
ಹೊರಗೆ ನಿಂತು, ಅವರ ಪರವಾಗಿ, ಬೇರೆ ಬಗೆಯಲ್ಲಿ ಕೇಳಬೇಕು.
ಅದಕ್ಕೊಂದು ಹೊಸ ವಿಧಾನವಿದೆ. ಬರೆದೆ. ಓಡಿತು.

"ನಂದೂ ಒಮ್ಮೆ ನೋಡು" ಎಂದರು ದೇಚಮ್ಮ, ತಮಾಷೆಗೆ.
ಮನೆಹೆಸರು? ಇಲ್ಲ. ಗಂಡನ ಒಕ್ಕದಿಂದ ಬಂದದ್ದು.
ಗದ್ದೆ? ಇಲ್ಲ. ಒಕ್ಕದ್ದು.
ಕಂಪ್ಯೂಟರಿಗೆ ಜಮ್ಮದ ಮಾತು ಅರ್ಥವಾಗದು ಅಕ್ಕ, ಎಂದೆ.
"ಮತ್ತೆ ನಂದೂಂತ ಏನಿದೆ ಅದರಲ್ಲಿ?"
ಹುಡುಕಿದೆ. ಫೋನ್ ನಂಬರು. ರಕ್ತದ ಗುಂಪು.
ಅವರು ತುಂಬ ಹೊತ್ತು ಕಿಟಕಿಯಾಚೆ
ಮೆಣಸಿನ ಮೂಟೆ ಇಳಿಸುವ ಲಾರಿ ನೋಡುತ್ತಿದ್ದರು.
ಲೋಟದ ಕಾಫಿಗೆ ಕೆನೆ ಕಟ್ಟಿತು.

ಕೊನೆಗೆ ಅರವತ್ತೊಂದು ಹೌದು,
ಉಳಿದದ್ದೆಲ್ಲ ಇಲ್ಲ.
ಇಷ್ಟೊಂದು ಇಲ್ಲ ಕಂಡು ಸಮಾಧಾನವಾದದ್ದು
ನನಗೆ ಇದೇ ಮೊದಲು.

ಕಂಪ್ಯೂಟರು ಮುಚ್ಚುವ ಮುಂಚೆ ಪಾಲಿಯ ಸಾಲು ಇನ್ನೊಮ್ಮೆ ತೆಗೆದೆ.
ತುದಿಯಲ್ಲಿ ಸಹಿ ಎಂಬ ಕಲಮು, ಒಳಗೆ ಏನೂ ಇಲ್ಲ.
ಅವಳು ಇನ್ನೂ ಹಾಕಿಲ್ಲ; ಕಳೆದ ವರ್ಷ ಕಲಿತಿದ್ದಾಳೆ,
ಲಕಾರದ ಬಾಲ ಇನ್ನೂ ಎತ್ತೆತ್ತಲೋ ಹೋಗುತ್ತದೆ.
ಬೆಲೆ ಕೇಳಿದೆ: ಗೊತ್ತಿಲ್ಲ, ಎಂದಿತು.
ನಿನ್ನದೇ?
ಹೌದು, ಎಂದಿತು.

ಪ್ರಿಂಟರಿಗೆ ಕಾಗದ ಸಾಲದು.
ಐದೂವರೆಯ ತಿತಿಮತಿ ಬಸ್ಸು
ಆನೆ ದಾಟಲೆಂದು ದೇವರಪುರದ ಹತ್ತಿರ ನಿಂತಿದೆಯಂತೆ.