ಇದು ನಮ್ಮದಲ್ಲ

ಕಿನ್ನಿಮುಲ್ಕಿಯಲ್ಲಿ ಮೆಟ್ಟಿಲ ಅಡಿಯ ಅಂಗಡಿ.
ಜಲಜಕ್ಕ ಇಪ್ಪತ್ತಾರು ವರ್ಷದಿಂದ ಟೈಪು ಮಾಡುತ್ತಾರೆ:
ಗೃಹಪ್ರವೇಶ, ಉತ್ತರಕ್ರಿಯೆ, ಕಂಬಳದ ಕರಪತ್ರ,
ಸೊಸೈಟಿ ಚುನಾವಣೆಗೆ ಎರಡೂ ಪಾರ್ಟಿಯ ವಿನಂತಿ.

ಹಳೆಯ ಯಂತ್ರ ಕೈಕೊಟ್ಟಿತು. ನಾನು ಹೋದೆ,
ಕಿಸೆಯಲ್ಲೊಂದು ಪೆನ್‌ಡ್ರೈವು, ಬಾಯಲ್ಲೊಂದು ಭಾಷಣ:
ಇದು ಯಾರೊಬ್ಬರದೂ ಅಲ್ಲ ಅಕ್ಕ, ಹಾಗಾಗಿ ನಿಮ್ಮದು.
ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.
"ಬಿಚ್ಚುವುದು ಇರಲಿ ಮಾರಾಯ, ಪ್ರಿಂಟು ಬರ್ತದಾ?"

ಬರಲಿಲ್ಲ.
ಪ್ರಿಂಟರಿನ ಕಂಪೆನಿ ತನ್ನ ಗುಟ್ಟನ್ನು
ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿತ್ತು.
ಪರದೆಯಲ್ಲೊಂದು ಚೌಕ, ಬಲು ವಿನಯದಲ್ಲಿ:
ಇದು ಮುಕ್ತವಲ್ಲ. ಆದರೂ ಬೇಕೆ?
ಕೆಳಗೊಂದು ಗುಂಡಿ, ಹುಣಸೆಬೀಜದಷ್ಟು.

ನನ್ನ ಬೆರಳು ನಿಂತಿತು.
ಜಗಳವಾಡಿ ಜಗಳವಾಡಿ ಕಟ್ಟಿದ ಮನೆಗೆ
ಎಣ್ಣೆ ಬಿಟ್ಟ ತಿರುಗಣಿಯ ಈ ಹಿಂಬಾಗಿಲು ಯಾಕೆ?
ಕಿರ್ರೆಂದಾದರೂ ಅನ್ನಬಾರದೆ?

ಜಲಜಕ್ಕ ಎದುರಿನ ಹೋಟೆಲಿನಿಂದ ಚಾ ತರಿಸಿದರು.
"ಅಲ್ಲಿ ನೀರುಳ್ಳಿ ಸಹ ಮುಟ್ಟುವುದಿಲ್ಲ.
ಆದರೆ ಆಮ್ಲೆಟ್ ಕೇಳಿದವನಿಗೆ ಭಟ್ರು ಗದ್ದ ಎತ್ತಿ
'ಆಚೆ ಓಣಿ, ಪುತ್ತುಬಾವನ ಗಾಡಿ' ಅಂತಾರೆ.
ಒಲೆಗೆ ಎಂತ ಆಯ್ತು? ಅವನೂ ನಾಳೆ ಕಾಪಿಗೆ ಬರ್ತಾನೆ."

ಚಂದದ ಮಾತು. ಆದರೆ ಇದು ಮಡಿಯ ಲೆಕ್ಕ ಅಲ್ಲ ಅಕ್ಕ,
ಮೊಟ್ಟೆ ಯಾರನ್ನೂ ಕಟ್ಟಿಹಾಕುವುದಿಲ್ಲ.
ನಿಮ್ಮ ಆ ಹಳೆಯ ಫಾಂಟು?

ಲೋಟ ಕೆಳಗಿಟ್ಟರು.
ಹದಿನೆಂಟು ವರ್ಷದ ಕಡತ. ತೆರೆದರೆ
'ಚಿರಂಜೀವಿ' ಇದ್ದಲ್ಲಿ ಟೋಪಿ ಹಾಕಿದ ಎ,
ಒಂದು ಡಾಲರು, ಬಾಲವಿರುವ ಸಿ.
ಮಾರಿದವರು ಬಾಗಿಲು ಹಾಕಿ ಹೋಗಿದ್ದಾರೆ, ಕೀಲಿಕೈ ಸಮೇತ.
ಅಪ್ಪನ ಉತ್ತರಕ್ರಿಯೆಯ ಕಾಗದವೂ ಅದರಲ್ಲೇ ಉಂಟು,
ಅವರೇ ಟೈಪು ಮಾಡಿದ್ದು, ಅವರೇ ಓದಲಾಗದ್ದು.

"ಆಗ ಯಾರೂ ಹೇಳಲಿಲ್ಲ," ಎಂದರು ಬಹಳ ಹೊತ್ತಿನ ಮೇಲೆ.
"ಇದು ಹೇಳ್ತಾ ಉಂಟಲ್ಲ."
ಎಷ್ಟು ಸಣ್ಣ ಅಕ್ಷರದಲ್ಲಿ! ಎಂದೆ.
"ಹಾಗಾದರೆ ಜಗಳ ಅಕ್ಷರದ ಸೈಜಿಗೆ ಮಾಡು. ಬಾಗಿಲಿಗೆ ಅಲ್ಲ."

ಉತ್ತರ ಇತ್ತು ನನ್ನಲ್ಲಿ, ಉದ್ದದ್ದು. ಆದರೆ
ಐದು ಗಂಟೆಗೆ ಮಣಿಪುರದವರ ಮದುವೆ ಕಾಗದ ಕೊಡಬೇಕು.
ಅವರೇ ಕೈ ಚಾಚಿ ಗುಂಡಿ ಒತ್ತಿದರು.

ಪ್ರಿಂಟರು ಕೆಮ್ಮಿತು, ಹಳದಿ ಕಾಗದ ಒಂದೊಂದೇ ಉಗುಳಿತು.
ಜಲಜಕ್ಕ ಮೇಜಿನ ಖಾನೆಯಿಂದ ಕೆಂಪು ನೈಲ್‌ಪಾಲಿಷ್ ತೆಗೆದು,
ಔತಣಕ್ಕೆ ಎರವಲು ತಂದ ಕೊಪ್ಪರಿಗೆಗೆ ಗುರುತು ಹಾಕುವ ಹಾಗೆ,
ಅದರ ನೆತ್ತಿಗೆ
ದೊಡ್ಡದೊಂದು ಬೊಟ್ಟು ಇಟ್ಟರು.