ತೋಳ ಮ್ಯಾಲಿನ ತಾರೀಖು

ಹೊರಗ ನಲವತ್ನಾಕು. ಸೇಡಂ ರೋಡಿನ ಡಾಂಬರಿಗೆ
ಚಪ್ಪಲಿ ಅಂಟ್ಲತ್ತಾವ.
ಒಳಗ, ಗಾಜಿನ ಬಾಗಿಲ ಪೆಟ್ಟಿಗ್ಯಾಗ, ಮೂವತ್ತೇಳು.
ಕಲಬುರಗಿಯ ಈ ಮೇ ತಿಂಗಳದಾಗ
ಹಿತವಾಗಿ ಬದುಕಿದ್ದು ಅಂದ್ರ
ತಾಟಿನ ತಳಕ್ಕ ಅಂಟಿಕೊಂಡ ಈ ಕಣಗಳೇ.

ಯಾರವು, ಅಂದ ಲಾಡ್ಲೆಸಾಬ, ಸೀಸೆ ತೊಳೀತಾ.
ಇಲಿವು. ನರದ ಸುತ್ತ ಸುತ್ತಿಕೊಂಡು ಕಾಯೋವು.
ಆ ಇಲಿ ಸತ್ತು ನಾ ಹುಟ್ಟೋಕಿಂತ ಮೊದಲೇ ಆಯ್ತು,
ಎಲ್ಲೋ ಬ್ಯಾರೆ ದೇಶದಾಗ;
ಕಣ ಮಾತ್ರ ಇನ್ನಾ ಒಡದು ಒಡದು ಎರಡಾಗ್ಲತ್ತಾವ.
"ಸತ್ತ ಸುದ್ದಿ ಅವಕ್ಕ ಯಾರೂ ಮುಟ್ಟಿಸಿಲ್ಲೇನ್ರೀ?"
ನಾ ನಗಲಿಲ್ಲ. ಬರೆದಿಟ್ಟುಕೊಳ್ಳೋ ಮಾತು ಅದು;
ನನ್ನ ಪ್ರಬಂಧದಾಗ ಅದಕ್ಕ ಜಾಗಿಲ್ಲ.

ನನ್ನ ಕೆಲಸ ಗಾಯ ಮಾಡೋದು.
ಹಳದಿ ತುದಿಯ ಕೊಳವಿ ಹಿಡಿದು
ತುಂಬಿದ ತಾಟಿನ ನಡುವ ಒಂದು ಗೆರಿ.
ಕೈ ನಡುಗಿದ್ರ ಗಾಯ ಸೊಟ್ಟ, ಲೆಕ್ಕ ಸೊಟ್ಟ.
ಸೊನ್ನೆ ತಾಸು. ಆರು. ಹನ್ನೆರಡು. ಇಪ್ಪತ್ನಾಕು.
ಈ ದಂಡಿಯಿಂದ ಒಂದು, ಆ ದಂಡಿಯಿಂದ ಒಂದು
ಉದ್ದಕ ಮೈ ಚಾಚಿ
ಕತ್ತಲಾಗ ಗ್ವಾಡಿ ತಡವೋರಂಗ
ಖಾಲಿ ಜಾಗಕ್ಕ ಬರ್ತಾವ.
ನರ ಅಲ್ಲ ಇದು. ನರದ ಗಾಯ ಬೀ ಅಲ್ಲ.
ಗಾಯದ ತಾಲೀಮು.

ಲಾಡ್ಲೆಸಾಬ ಬಗ್ಗಿ ಸೂಕ್ಷ್ಮದರ್ಶಕಕ್ಕ ಕಣ್ಣಿಟ್ಟ.
"ನಾ ಬೀ ಹಿಂಗೇ ಗೆರಿ ಎಳೀತಿದ್ದೆ ಬಾಯಿ,
ಖಡುದಿಂದ, ಪರಸಿ ಮ್ಯಾಲ."
ಶಹಾಬಾದಿನ ಕಲ್ಲು ಕೊಯ್ಯೋ ಮಷಿನ್, ಬೂದಿ ಬಣ್ಣದ ನೀರು,
ಗೆರಿ ಬಿಟ್ಟು ಸರಿದ ಒಂದು ಗಳಿಗಿ.
ಮೊಣಕೈಯ ಕೆಳಗ, ಒಳಮೈಗೆ.
ಚರ್ಮ ಅವತ್ತೇ ಹೊಲಿದ್ರು.
ನರ ಬೀ ಕಡಿದದ ಅನ್ನೋದು ತಿಳೀಲಿಕ್ಕ
ಮೂರು ವಾರ ಹೋತು,
ಕಿರುಬೆರಳು, ಉಂಗುರದ ಬೆರಳು
ಮಡಚಿಕೊಂಡು ಬಿಚ್ಚಲಾರದಂಗಾದ ಮ್ಯಾಲ.

ಈಗ ಸುಡು ನೀರಾಗ ಸೀಸೆ ಅದ್ದಿದ್ರ
ಮೂರು ಬೆರಳು ಹೌಹಾರ್ತಾವ,
ಎರಡು ಸುಮ್ಮನಿರ್ತಾವ.

"ನಿಮ್ಮ ತಾಟು ಒಂದೇ ದಿನಕ್ಕ ಕೂಡ್ತದ.
ನಂದ್ಯಾಕ ಇಲ್ಲ?"
ಏನ್ ಹೇಳ್ಲಿ. ತಾಟಿನ ಗೆರಿ ಹತ್ತು ಕೂದಲೆಳಿ ಅಗಲ.
ಕೈಯಾಗಿನ ನರಕ್ಕ ದಾರಿ ಒಂದು ಗೇಣು, ಮ್ಯಾಲ ನಾಕು ಬೆರಳು.
ದಿನಕ್ಕ ಒಂದು ಮಿಲಿಮೀಟರ್, ಅದು ಬೀ ನಡದ್ರ.
ಕಡಿದ ತುದಿಯಾಚೆ ಹಳೇ ನರ ಕರಗಿ ಹೋಗ್ಯಾದ;
ಇಂಥವೇ ಕಣ ಆ ಕಸ ತಿಂದು, ಸಾಲಾಗಿ ನಿಂತು
ದಾರಿ ಹಿಡಿದಿರ್ತಾವ, ಬರೋದಕ್ಕಾಗಿ.
ಭಾಳ ದಿನ ನಿಲ್ಲಲ್ಲ ಅವು.
ಇದೊಂದು ನಾ ಹೇಳಲಿಲ್ಲ.

ತೋಳು ಚಾಚು ಅಂದೆ. ನನಗಿಂತ ಎರಡು ವರ್ಷ ಸಣ್ಣವ.
ಮಣಿಕಟ್ಟಿನಿಂದ ಮ್ಯಾಲಕ್ಕ
ಬೆರಳ ತುದಿಯಿಂದ ಮೆಲ್ಲಗ ಬಡೀತಾ ಹೋದೆ.
"ಅಲ್ಲೇ! ಜುಮ್ ಅಂತು, ಕಿರುಬೆರಳಿಗೆ!"
ಚುಚ್ಚಿದ್ರ ತಿಳಿಯದ ಕಿರುಬೆರಳಿಗೆ.
ತಾಟಿನ ಮ್ಯಾಲ ಬರಿಯೋ ಕಪ್ಪು ಪೆನ್ನು ತಗೊಂಡು
ಅಲ್ಲೊಂದು ಗೀಟು, ಪಕ್ಕ ತಾರೀಖು.
ಅದು ಮಾರ್ಚ್.
ಏಪ್ರಿಲಿನ ಗೀಟು ಒಂದೂವರಿ ಬೆರಳು ಕೆಳಗ;
ಸಂಜಿಗೆ ಕ್ಯಾಂಟೀನಿನಾಗ ಎಲ್ಲರಿಗೂ ಚಾ ಕುಡಿಸಿದ.
ಮೇ ಗೀಟು ಏಪ್ರಿಲಿನ ಮ್ಯಾಲೇ ಬಿತ್ತು.
"ಬಿಸಲಿಗೆ ದಣದಿರಬೇಕು," ಅಂದ.

ಇವತ್ತು ಮಧ್ಯಾಹ್ನ ಕರೆಂಟು ಹೋತು. ಜನರೇಟರಿಗೆ ಡೀಸೆಲ್ ಇಲ್ಲ.
ಬ್ಯಾರೆ ಊರಾಗ ಕಣ ತಣ್ಣಗಾದಾವು ಅಂತ ಅಂಜ್ತಾರ,
ನಮ್ಮೂರಾಗ ಕುದ್ದಾವು ಅಂತ.
ಒಳಗಿನ ಗಾಯಕ್ಕ ಇನ್ನಾ ಹದಿನೆಂಟನೇ ತಾಸು.
ಲಾಡ್ಲೆಸಾಬ ಮಾತಾಡದೇ ಗೋಣಿಚೀಲ ನೆನಸಿ ತಂದ.
ಮೂರು ಬೆರಳು ಹಿಂಡಿದ್ವು, ಎರಡು ಬರೇ ಜತಿಗೆ ಹೋದ್ವು.
ಪೆಟ್ಟಿಗಿಗೆ ಹೊಚ್ಚಿದ.

ಆಮ್ಯಾಲ ಆ ಎರಡೇ ಬೆರಳು
ಒದ್ದಿ ಚೀಲದ ಮ್ಯಾಲಿಟ್ಟು
ಕಣ್ಣು ಮುಚ್ಚಿ ನಿಂತ.
"ತಂಪಾಗ್ಯಾದೋ ಇಲ್ಲೋ," ಅಂದ,
"ಈ ಸಲ ನೀವು ಹೇಳಬ್ಯಾಡ್ರಿ ಬಾಯಿ."