ಮುಂದಿನ ಚಕ್ರಕ್ಕೆ ಹೊಸದು

ಹಾಸನದ ಡಿಪೋದಲ್ಲಿ ಟೈರು ನೋಡುವವಳು ನಾನು.
ಸವೆದ ರಬ್ಬರು ಏನನ್ನೂ ಮುಚ್ಚಿಡುವುದಿಲ್ಲ:
ಹೊರ ಅಂಚು ತಿಂದಿದ್ದರೆ ಅಲೈನ್‌ಮೆಂಟು,
ನಡು ಬೋಳಾಗಿದ್ದರೆ ಗಾಳಿ ಹೆಚ್ಚು,
ಅಲ್ಲಲ್ಲಿ ಕಚ್ಚಿ ತೆಗೆದಂತಿದ್ದರೆ
ಶಿರಾಡಿ ಇಳಿವಾಗ ಡ್ರೈವರು ಬೆದರಿದ್ದಾನೆ.

ಹಾಗಾಗಿ ನನ್ನ ಶೂಗಳ ಅಡಿಯೂ ಓದಲು ಬರುತ್ತದೆ.
ಎಡಗಾಲಿನದು, ಹಿಮ್ಮಡಿಯ ಹೊರಗೆ ಓರೆ ಸವೆತ.
"ದಾಕ್ಷಾಯಿಣಿ, ನಿನ್ ಎಡಗಡೆ ಎಳೀತದೆ ಕಣಮ್ಮ"
ಎಂದರು ಇಮ್ತಿಯಾಜ್ ಸಾಬರು ಗೇಜಿಟ್ಟು ಅಳೆದು,
ಬಸ್ಸಿನ ಕಾಯಿಲೆ ಹೇಳುವ ಅದೇ ದನಿಯಲ್ಲಿ.

ಮೂರು ಜೋಡಿ ಇವೆ, ಕಿಟಕಿಯ ಕೆಳಗೆ.
ಬೂದಿ ಬಣ್ಣದ್ದು ದಿನಗೆಲಸಕ್ಕೆ, ಸ್ಟೇಡಿಯಮ್ಮಿನ ಸುತ್ತು.
ದಪ್ಪ ಅಟ್ಟೆಯದು ಭಾನುವಾರದ ಇಪ್ಪತ್ತಕ್ಕೆ,
ಸೀಗೆಗುಡ್ಡದ ದಾರಿ, ಹಾಲಿನ ಗಾಡಿಗಳ ಜೊತೆ.
ಕೆಂಪುದು, ಗುಬ್ಬಿಯಷ್ಟು ಹಗುರ, ಡಬ್ಬದೊಳಗೇ ಇದೆ;
ಅದರ ಬೆಲೆ ಅಮ್ಮನಿಗೆ ಅರ್ಧವೇ ಹೇಳಿದ್ದೇನೆ.

ಒಂದೇ ಜೋಡಿ ಸಾಲದೇನೇ ಎಂದಳು ಅಮ್ಮ.
ಸೋಮವಾರ ಅಪ್ಪ ಎತ್ತಿಗೆ ನೊಗ ಹೂಡುತ್ತಿದ್ದನಾ, ಕೇಳಿದೆ.
ಅಟ್ಟೆಯೊಳಗಿನ ಸ್ಪಂಜಿಗೂ ಬೆನ್ನಿದೆಯಮ್ಮ,
ನನ್ನ ಐವತ್ತೆಂಟು ಕೆಜಿ ಹೊತ್ತು ಕುಗ್ಗಿದ್ದು
ಮತ್ತೆ ಏಳಲು ಒಂದು ಹಗಲು ಒಂದು ರಾತ್ರಿ ಬೇಕು.
ಅಮ್ಮ ನಕ್ಕಳು. ಆಮೇಲಿಂದ ಮಾತ್ರ
ನೆಲ ಒರೆಸಿ ಮೂರನ್ನೂ ಮತ್ತೆ ಸಾಲಾಗಿಡುವಾಗ
ಮೂತಿ ಪೂರ್ವಕ್ಕೆ ತಿರುಗಿಸುತ್ತಾಳೆ, ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ.

ಒಳಪದರದ ಮೇಲೆ ಬಾಲ್‌ಪೆನ್ನಿನಲ್ಲಿ
ಬರೆದಿಡುತ್ತೇನೆ ಓಡಿದ್ದು: ೪೧೦, ೫೩೫, ೬೯೦.
ಬೆವರು ಅಳಿಸುತ್ತದೆ, ಮತ್ತೆ ಬರೆಯುತ್ತೇನೆ.

ಚಿಕ್ಕಮಗಳೂರಿನ ಓಟದ ದಿನ ಕೆಂಪುದು ಹೊರಬಂತು.
ನಮ್ಮಲ್ಲಿ ಹೊಸ ಟೈರು ಮುಂದಿನ ಚಕ್ರಕ್ಕೆ,
ರೀಟ್ರೆಡ್ಡು ಹಿಂದಕ್ಕೆ; ಅದೇ ಲೆಕ್ಕ.
ಎರಡೇ ಸಲ ಹಾಕಿ ಪಳಗಿಸಿದ್ದೆ.
ಕೈಮರದಿಂದ ಇಳಿವಾಗ ಬೆರಳೆಲ್ಲ ಮೂತಿಗೆ ಬಂದು ಗುದ್ದಿ
ಹದಿನೇಳನೇ ಕಿಲೋಮೀಟರಿಗೆ ಒಂದು ಉಗುರು ಹೋಯಿತು.
ಎರಡು ಗಂಟೆ ಒಂಬತ್ತು ನಿಮಿಷ. ಅರವತ್ಮೂರನೇ ಸ್ಥಾನ.
ಅಂಗಡಿಯ ಸಪಾಟು ನೆಲದ ಮೇಲೆ ನಿಂತು ಕೊಂಡಿದ್ದೆ.

ಸೋಮವಾರ ಸಾಬರು ಗೇಜು ಒರೆಸುತ್ತಾ ಕೇಳಿದರು:
"ನಿನ್ ಹಳೇದು ಎಷ್ಟು ನಂಬರು? ನಮ್ ಶಾಜಿಯಾ
ಸ್ಟೇಡಿಯಮ್ಮಿಗೆ ಹೋಗ್ತಾವ್ಳೆ, ಚಪ್ಲೀಲಿ."
ಆರು, ಅಂದೆ. ಅವಳದೂ ಆರೇ.
ಬೂದಿಯದು ಇನ್ನೊಂದು ನೂರು ಓಡೀತು,
ಹಿಂದಿನ ಚಕ್ರಕ್ಕೆ ಸಾಕು.
ಕೊಡಲೆಂದು ತೆಗೆದೆ, ಬೆಳಕಿಗೆ ಹಿಡಿದೆ.
ಟೈರು ಯಾವ ಬಸ್ಸಿಗಾದರೂ ಹೊಂದುತ್ತದೆ;
ಇದು ನನ್ನ ಎಡಗಾಲಿನ ಓರೆಯನ್ನು ಬಾಯಿಪಾಠ ಮಾಡಿದೆ.
ಹದಿನಾಲ್ಕರ ಹುಡುಗಿಗೆ ಅದನ್ನೇಕೆ ಕಲಿಸಲಿ?

ಸಂಜೆ, ಬಿ.ಎಂ. ರಸ್ತೆಯ ಅಂಗಡಿ. ಕಾಲು ಉಬ್ಬಿರುವ ಹೊತ್ತೇ ಸರಿ.
ಗುಲಾಬಿಯದಕ್ಕೆ ಕೈ ಹಾಕಿದಳು. ಕಣ್ಣು ಮುಚ್ಚು, ಅಂದೆ.
ಮುಂದೆ ಒಂದು ಹೆಬ್ಬೆರಳು ಜಾಗ ಬಿಟ್ಟು ಲೇಸು ಬಿಗಿದೆ.
ಹೊರಗೆ ಸ್ಕೂಟರು ಹತ್ತಿಸುವ ಇಳಿಜಾರು:
"ಇಲ್ಲಿ ಓಡು."
"ಮೇಡಂ, ಧೂಳಾಗತ್ತೆ" ಎಂದ ಅಂಗಡಿಯವನು.
ನಾನು ನೋಡಲಿಲ್ಲ. ತಲೆ ತಗ್ಗಿಸಿ ನಿಂತೆ,
ರಾಡಿನಲ್ಲಿ ತಟ್ಟಿ ಟೈರಿನ ಗಾಳಿ ಕೇಳುವ ಹಾಗೆ.
ಎಡ, ಬಲ, ಎಡ.
ಎರಡಕ್ಕೂ ಒಂದೇ ಸದ್ದು.
"ಇನ್ನೊಂದ್ ಸಲ" ಅಂದೆ,
ಸುಮ್ಮನೆ.